ಬಣ್ಣ ಬದಲಿಸಬೇಡಿ, ಬೆಳಕು ಬದಲಿಸಿ: ಬ್ಯೂಟಿ ಡಿಶ್ ಮತ್ತು ಮುಖದ ನೆರಳು

ಇವತ್ತಿನ ವಿಷಯ ಪೋರ್ಟ್ರೇಟ್ ಲೈಟಿಂಗ್. ಅದರಲ್ಲೂ ಒಂದೇ ಒಂದು ಸಾಮಾನಿನ ಬಗ್ಗೆ ಮಾತಾಡ್ತೀನಿ: ಬ್ಯೂಟಿ ಡಿಶ್.

ಫೋಟೋ ತೆಗೆಯೋ ಕೆಲಸದಲ್ಲಿ ನಾನು ದಿನಾ ಕೇಳೋ ಮಾತು ಒಂದಿದೆ. "ಅಣ್ಣಾ, ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ ಮಾಡಿ." ಗಂಡಿನ ಕಡೆಯವರಿಗೆ ಕಳಿಸೋ ಫೋಟೋ ಇರಲಿ, ಕೆಲಸದ ಅರ್ಜಿಗೆ ಅಂಟಿಸೋ ಫೋಟೋ ಇರಲಿ, ಇನ್‌ಸ್ಟಾಗ್ರಾಂ ಡಿಪಿ ಇರಲಿ, ಬೇಡಿಕೆ ಅದೇ. ಇದಕ್ಕೆ ಎರಡು ದಾರಿ ಇದೆ. ಒಂದು, ಸಾಫ್ಟ್‌ವೇರ್‌ನಲ್ಲಿ ಸ್ಲೈಡರ್ ಎಳೆದು, ಹೆತ್ತ ತಾಯಿಗೂ ಗುರುತು ಸಿಗದ ಮುಖ ಕೊಡೋದು. ಇನ್ನೊಂದು, ಬೆಳಕನ್ನೂ ನೆರಳನ್ನೂ ಸರಿಯಾದ ಜಾಗದಲ್ಲಿ ಕೂರಿಸಿ, ಅದೇ ಬಣ್ಣದಲ್ಲೇ ಆ ಮುಖ ಚೆನ್ನಾಗಿ ಕಾಣೋ ಹಾಗೆ ಮಾಡೋದು. "ಚೆನ್ನಾಗಿ ಕಾಣಿಸ್ತಿಲ್ಲ" ಅಂತ ಜನ ಹೇಳುವಾಗ ಎಷ್ಟೋ ಸಲ ದೂರು ಇರೋದು ಚರ್ಮದ ಮೇಲಲ್ಲ. ಕಣ್ಣಿನ ಗುಳಿಯಲ್ಲಿ, ಮೂಗಿನ ಪಕ್ಕದಲ್ಲಿ, ಗದ್ದದ ಕೆಳಗೆ ಅಡ್ಡಾದಿಡ್ಡಿ ಬಿದ್ದಿರೋ ನೆರಳಿನ ಮೇಲೆ.

ಮೊದಲು ಈ ಡಿಶ್ ಅಂದ್ರೇನು? ನೋಡೋಕೆ ಅಗಲವಾದ, ಆಳ ಕಡಿಮೆ ಇರೋ ಲೋಹದ ಬೋಗುಣಿ. ಸಾಮಾನ್ಯವಾಗಿ 16 ಇಂಚಿನಿಂದ 28 ಇಂಚು ಅಗಲ. ಮಧ್ಯದಲ್ಲಿ ಫ್ಲ್ಯಾಶ್, ಅದರ ಎದುರಿಗೆ ಒಂದು ಚಿಕ್ಕ ತಟ್ಟೆ. ಇಡೀ ಗುಟ್ಟು ಆ ತಟ್ಟೆಯಲ್ಲಿದೆ. ಫ್ಲ್ಯಾಶ್‌ನ ಬೆಳಕು ನೇರವಾಗಿ ಮುಖಕ್ಕೆ ಹೊಡೆಯೋದಿಲ್ಲ. ತಟ್ಟೆಗೆ ಬಡಿದು ಹಿಂದಕ್ಕೆ ಹೋಗುತ್ತೆ, ಬೋಗುಣಿಯ ಒಳಮೈಗೆ ತಾಗಿ ಮತ್ತೆ ಮುಂದಕ್ಕೆ ಬರುತ್ತೆ. ಹಾಗಾಗಿ ಮಧ್ಯದಲ್ಲಿ ಕಣ್ಣು ಕುಕ್ಕೋ ಬಿಳಿ ಚುಕ್ಕೆ ಬೀಳಲ್ಲ, ಬೆಳಕು ಸುತ್ತಲಿಂದ ಸಮನಾಗಿ ಬರುತ್ತೆ.

ಇದರ ಗುಣ ಎಂಥದ್ದು ಅಂದ್ರೆ, ಬರಿ ಫ್ಲ್ಯಾಶ್‌ನಷ್ಟು ಒರಟೂ ಅಲ್ಲ, ದೊಡ್ಡ ಸಾಫ್ಟ್‌ಬಾಕ್ಸ್‌ನಷ್ಟು ಮೆದುವೂ ಅಲ್ಲ. ನೆರಳು ಇರುತ್ತೆ, ಆದರೆ ಅದರ ಅಂಚು ಮೆಲ್ಲಗೆ ಕರಗುತ್ತೆ. ಕೆನ್ನೆಯ ಮೂಳೆ, ದವಡೆಯ ಗೆರೆ ಎದ್ದು ಕಾಣುತ್ತೆ.

ನಮ್ಮ ಸಿನಿಮಾದವರು ಬೆಳಕಿನ ಈ ಎರಡು ತುದಿಗಳನ್ನೂ ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. 1956ರ 'ಅಪರಾಜಿತೋ' ಚಿತ್ರಕ್ಕೆ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋ ಒಳಗೆ ಕಟ್ಟಿದ್ದರು. ಛಾಯಾಗ್ರಾಹಕ ಸುಬ್ರತ ಮಿತ್ರ ಅದರ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳ ಬೆಳಕನ್ನು ಅದಕ್ಕೆ ಹೊಡೆಸಿ ಕೆಳಗಿಳಿಸಿದರು. ಆಕಾಶದಿಂದ ಇಳಿದ ಹಾಗೆ ಮೆದುವಾದ ಬೆಳಕು ಬಂತು. ಇನ್ನೊಂದು ತುದಿಗೆ ನಮ್ಮ ಮೈಸೂರಿನ ವಿ.ಕೆ. ಮೂರ್ತಿ. 1959ರ 'ಕಾಗಜ್ ಕೆ ಫೂಲ್'ನಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಸ್ಟುಡಿಯೋ ಒಳಕ್ಕೆ ತಿರುಗಿಸಿ, ಕತ್ತಲಲ್ಲಿ ಕಂಬದ ಹಾಗೆ ನಿಲ್ಲೋ ಬೆಳಕು ಸೃಷ್ಟಿಸಿದವರು ಅವರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಕೂಡ ಅವರೇ. ಆ ಬಟ್ಟೆಗೂ ಈ ಕನ್ನಡಿಗೂ ನಡುವೆ ಎಲ್ಲೋ ಒಂದು ಕಡೆ ನಮ್ಮ ಬೋಗುಣಿ ಕೂತಿದೆ ಅಂದುಕೊಳ್ಳಿ.

ಈಗ ಕೆಲಸದ ಮಾತು. ನೆರಳನ್ನು ಹಿಡಿತಕ್ಕೆ ತರೋಕೆ ನಿಮ್ಮ ಕೈಯಲ್ಲಿ ನಾಲ್ಕು ವಿಷಯ ಇದೆ: ದೂರ, ಎತ್ತರ, ತುಂಬು ಬೆಳಕು, ಮತ್ತು ಕೋಣೆ.

ಮೊದಲನೆಯದು ದೂರ. ಡಿಶ್‌ನ ಅಗಲ ಎಷ್ಟಿದೆಯೋ ಅಷ್ಟರಿಂದ ಅದರ ಎರಡರಷ್ಟು ದೂರದೊಳಗೆ ಇಟ್ಟರೆ ಅದರ ನಿಜವಾದ ಗುಣ ಸಿಗುತ್ತೆ. 22 ಇಂಚಿನ ಡಿಶ್ ಅಂದ್ರೆ ಸುಮಾರು ಎರಡರಿಂದ ಮೂರೂವರೆ ಅಡಿ. ಹತ್ತಿರ ತಂದಷ್ಟೂ ಮುಖದ ಲೆಕ್ಕದಲ್ಲಿ ದೀಪ ದೊಡ್ಡದಾಗುತ್ತೆ, ನೆರಳಿನ ಅಂಚು ಮೆದುವಾಗುತ್ತೆ. ದೂರ ಒಯ್ದಷ್ಟೂ ದೀಪ ಚಿಕ್ಕದಾಗಿ, ನೆರಳು ಚಾಕುವಿನಲ್ಲಿ ಕುಯ್ದ ಹಾಗೆ ಆಗುತ್ತೆ. ಎಂಟು ಅಡಿ ದೂರ ಇಟ್ಟರೆ ದುಡ್ಡು ಕೊಟ್ಟು ತಂದ ಬ್ಯೂಟಿ ಡಿಶ್‌ಗೂ ಸಾದಾ ಫ್ಲ್ಯಾಶ್‌ಗೂ ದೊಡ್ಡ ವ್ಯತ್ಯಾಸ ಇರಲ್ಲ.

ದೂರದಿಂದ ಹಿನ್ನೆಲೆಯೂ ಬದಲಾಗುತ್ತೆ. ಬೆಳಕಿನ ನಿಯಮ ಸರಳ: ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಮುಖದಿಂದ ಡಿಶ್ 2 ಅಡಿ, ಮುಖದ ಹಿಂದೆ 4 ಅಡಿಗೆ ಗೋಡೆ ಅಂತಿಟ್ಟುಕೊಳ್ಳಿ. ಡಿಶ್‌ನಿಂದ ಗೋಡೆಗೆ 6 ಅಡಿ, ಅಂದ್ರೆ ಮೂರರಷ್ಟು ದೂರ. ಗೋಡೆಗೆ ಸಿಗೋದು ಮುಖದ ಒಂಬತ್ತನೇ ಒಂದು ಭಾಗದ ಬೆಳಕು. ಗೋಡೆ ಕತ್ತಲಾಗುತ್ತೆ, ಮುಖ ಎದ್ದು ಬರುತ್ತೆ. ಅದೇ ಡಿಶ್ಶನ್ನ 6 ಅಡಿಗೆ ಒಯ್ಯಿರಿ, ಗೋಡೆಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಳಕು ಬೀಳುತ್ತೆ. ಗೋಡೆ ಸರಿಸಿಲ್ಲ, ಬಣ್ಣ ಹೊಡೆದಿಲ್ಲ, ಆದರೂ ಫೋಟೋ ಬೇರೆ.

ಎರಡನೆಯದು ಎತ್ತರ. ಡಿಶ್ಶನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ, ಮುಖದ ನೇರಕ್ಕೆ ಇಟ್ಟು ಕೆಳಕ್ಕೆ ಬಾಗಿಸಿ. ಮೂಗಿನ ಕೆಳಗೆ ಚಿಟ್ಟೆಯ ಆಕಾರದ ಪುಟ್ಟ ನೆರಳು ಬೀಳುತ್ತೆ. ಇದಕ್ಕೆ ಬಟರ್‌ಫ್ಲೈ ಲೈಟಿಂಗ್ ಅಂತಾರೆ. 1930ರ ದಶಕದಲ್ಲಿ ಮಾರ್ಲೀನ್ ಡೀಟ್ರಿಚ್ ಮುಖವನ್ನ ಹಾಲಿವುಡ್‌ನವರು ತೋರಿಸ್ತಿದ್ದದ್ದು ಇದೇ ಬೆಳಕಲ್ಲಿ. ಆ ನೆರಳೇ ನಿಮ್ಮ ಅಳತೆಗೋಲು. ಮೂಗಿಗೂ ತುಟಿಗೂ ನಡುವೆ ಅದು ನಿಂತರೆ ಸರಿ. ತುಟಿ ಮುಟ್ಟಿತು ಅಂದ್ರೆ ದೀಪ ತುಂಬಾ ಮೇಲಿದೆ. ಆಮೇಲೆ ಕಣ್ಣು ನೋಡಿ. ಕಣ್ಣಲ್ಲಿ ದುಂಡಗಿನ ಮಿಂಚು ಕಾಣಲೇಬೇಕು. ಕಾಣದಿದ್ದರೆ ಹುಬ್ಬಿನ ನೆರಳು ಕಣ್ಣನ್ನ ನುಂಗಿದೆ ಅಂತ ಅರ್ಥ. ಗುಳಿ ಬಿದ್ದ ಕಣ್ಣಿನವರಿಗೆ ದೀಪ ಕೊಂಚ ಕೆಳಗಿಳಿಸಿ. ಮುಖ ತುಂಬಾ ದುಂಡಗಿದ್ದರೆ ದೀಪವನ್ನ ಒಂದು ಪಕ್ಕಕ್ಕೆ ಸ್ವಲ್ಪ ಸರಿಸಿ, ಎದುರು ಕಡೆಯ ಕೆನ್ನೆಗೆ ನೆರಳು ಬಂದು ಮುಖ ತೆಳುವಾಗಿ ಕಾಣುತ್ತೆ.

ಮೂರನೆಯದು ತುಂಬು ಬೆಳಕು, ಫಿಲ್ ಅಂತೀವಲ್ಲ ಅದು. ಇದಕ್ಕೆ ಎರಡನೇ ದೀಪ ಬೇಕಿಲ್ಲ. ಪ್ಯಾಕಿಂಗ್‌ಗೆ ಬರೋ ಬಿಳಿ ಥರ್ಮಕೋಲ್ ಶೀಟು ಸಾಕು. ಫೋಟೋ ತೆಗೆಸಿಕೊಳ್ಳೋರ ಕೈಗೇ ಕೊಟ್ಟು, ಎದೆಯ ಮಟ್ಟದಲ್ಲಿ ಮಲಗಿಸಿ ಹಿಡ್ಕೊಳ್ಳಿ ಅನ್ನಿ. ಮೇಲಿಂದ ಬಂದ ಬೆಳಕು ಅದಕ್ಕೆ ತಾಗಿ ಗದ್ದದ ಕೆಳಗೆ, ಕಣ್ಣಿನ ಕೆಳಗೆ ಹೋಗುತ್ತೆ. ಹತ್ತಿರ ತಂದರೆ ನೆರಳು ತಿಳಿಯಾಗುತ್ತೆ, ಇಳಿಸಿದರೆ ಗಾಢ. ಪೂರ್ತಿ ನೆರಳು ಹೋಗೋವರೆಗೂ ತರಬೇಡಿ, ಮುಖ ದೋಸೆ ಹಂಚಿನ ಹಾಗೆ ಚಪ್ಪಟೆ ಆಗುತ್ತೆ. ನೆರಳು ಇನ್ನೂ ಬೇಕು ಅನಿಸಿದರೆ ಉಲ್ಟಾ ಮಾಡಿ: ಕೆನ್ನೆ ಪಕ್ಕ ಕಪ್ಪು ಬಟ್ಟೆ ಹಿಡಿಯಿರಿ.

ನಾಲ್ಕನೆಯದು ಕೋಣೆ. "ಡಿಶ್ ತಗೊಂಡೆ, ಸಾಫ್ಟ್‌ಬಾಕ್ಸ್‌ಗೂ ಇದಕ್ಕೂ ಏನೂ ಫರಕ್ಕಿಲ್ಲ" ಅನ್ನೋರು ಬಹಳ ಜನ. ಅವರ ಕೋಣೆ ನೋಡಿ. ಹತ್ತು ಹನ್ನೆರಡು ಅಡಿಯ ಕೋಣೆ, ಬಿಳಿ ಗೋಡೆ, ತಗ್ಗು ತಾರಸಿ. ಅಂಚಿನಿಂದ ಆಚೆ ಹೋದ ಬೆಳಕು ಗೋಡೆಗೆ ತಾಗಿ ವಾಪಸ್ ಬಂದು, ನಿಮ್ಮನ್ನ ಕೇಳದೇನೇ ನೆರಳನ್ನ ತುಂಬ್ತಾ ಇದೆ. ಗೋಡೆ ಹಸಿರಾಗಿದ್ದರೆ ಕೆನ್ನೆಗೂ ಹಸಿರು ಛಾಯೆ. ಇದಕ್ಕೇ ಜೇನುಗೂಡಿನ ಥರ ಇರೋ ಗ್ರಿಡ್ ಸಿಗುತ್ತೆ. ಅದನ್ನ ಡಿಶ್‌ನ ಮುಂದೆ ಸಿಕ್ಕಿಸಿದರೆ ಬೆಳಕು ಪಕ್ಕಕ್ಕೆ ಚೆಲ್ಲಲ್ಲ. ಇಲ್ಲಾಂದ್ರೆ ಪಕ್ಕದ ಗೋಡೆಗೆ ಕಪ್ಪು ಬಟ್ಟೆ ಇಳಿಬಿಡಿ. ಡಿಶ್ ಜೊತೆ ಬರೋ ಬಿಳಿ ಬಟ್ಟೆಯ ಮುಸುಕು ಬೇರೆ ಕೆಲಸಕ್ಕೆ, ಅದು ಬೆಳಕನ್ನ ಇನ್ನಷ್ಟು ಮೆದು ಮಾಡುತ್ತೆ. ಮೊಡವೆ ಕಲೆ ಇರೋರಿಗೆ, ವಯಸ್ಸಾದವರಿಗೆ ಮುಸುಕು ಹಾಕಿ. ಈ ಬೆಳಕು ಚರ್ಮದ ಪ್ರತಿ ಏರಿಳಿತವನ್ನೂ ತೋರಿಸುತ್ತೆ, ಕರುಣೆ ಕಡಿಮೆ.

ಈಗ ಬಣ್ಣದ ವಿಷಯಕ್ಕೆ ಬರೋಣ. ಫಿಲ್ಮ್ ಕಾಲದಲ್ಲಿ ಲ್ಯಾಬ್‌ಗಳಲ್ಲಿ ಬಣ್ಣ ಸರಿಹೊಂದಿಸೋಕೆ ಶರ್ಲಿ ಕಾರ್ಡ್ ಅಂತ ಇರ್ತಿತ್ತು. ದಶಕಗಳ ಕಾಲ ಅದರಲ್ಲಿ ಇದ್ದದ್ದು ಬಿಳಿ ಹೆಣ್ಣುಮಗಳ ಚಿತ್ರ. ಅವಳ ಚರ್ಮ ಸರಿಯಾಗಿ ಬಂತು ಅಂದ್ರೆ ಎಲ್ಲವೂ ಸರಿ ಅನ್ನೋ ಲೆಕ್ಕ. ಎಣ್ಣೆಗಪ್ಪು ಚರ್ಮ ಆ ಲೆಕ್ಕದಲ್ಲೇ ಇರಲಿಲ್ಲ. ಆ ಕಾರ್ಡ್ ಹೋಯ್ತು, ಆದರೆ ಅದೇ ಲೆಕ್ಕ ಇವತ್ತು ನಿಮ್ಮ ಫೋನಿನ ಬ್ಯೂಟಿ ಫಿಲ್ಟರ್ ಒಳಗೆ ಬಂದು ಕೂತಿದೆ.

ನಿಜ ಏನಂದ್ರೆ, ಗಾಢ ಬಣ್ಣದ ಚರ್ಮದಲ್ಲಿ ಮುಖದ ಆಕಾರ ಹೆಚ್ಚಾಗಿ ಕಾಣೋದು ಅದರ ಮೇಲಿನ ಹೊಳಪಿನಿಂದ. ಹಣೆ, ಕೆನ್ನೆಮೂಳೆ, ಮೂಗಿನ ತುದಿ, ತುಟಿ, ಇಲ್ಲೆಲ್ಲ ಬೆಳಕು ಮಿಂಚಿದಾಗ ಮುಖಕ್ಕೆ ಜೀವ ಬರುತ್ತೆ. ಒಳಮೈ ಬೆಳ್ಳಿ ಬಣ್ಣದ ಡಿಶ್ ಆ ಮಿಂಚನ್ನ ಜೋರಾಗಿ ಕೊಡುತ್ತೆ, ಬಿಳಿ ಒಳಮೈ ಮೆಲುವಾಗಿ ಕೊಡುತ್ತೆ. ಎಕ್ಸ್‌ಪೋಶರ್ ಏರಿಸಿ ಇಡೀ ಮುಖ ತೊಳೆದುಬಿಟ್ಟರೆ ಆ ಹೊಳಪೂ ಹೋಗುತ್ತೆ, ಆಕಾರವೂ ಹೋಗುತ್ತೆ. ಹಾಗಾಗಿ "ಬೆಳ್ಳಗೆ ಮಾಡಿ" ಅಂದವರಿಗೆ ನಾನು ವಾದ ಮಾಡಲ್ಲ. ದೀಪ ಸರಿಪಡಿಸಿ, ಒಂದು ಫೋಟೋ ತೆಗೆದು, ಸ್ಕ್ರೀನ್ ಅವರ ಕಡೆ ತಿರುಗಿಸ್ತೀನಿ. ಎಷ್ಟೋ ಜನ ಆಮೇಲೆ ಬಣ್ಣದ ಮಾತೇ ಎತ್ತಲ್ಲ. ಎತ್ತೋರೂ ಇದ್ದಾರೆ, ಅದು ಒಂದು ದೀಪದಿಂದ ಮುಗಿಯೋ ಜಗಳ ಅಲ್ಲ.

ಡಿಶ್ ಇಲ್ಲದವರು ಇವತ್ತೇ ಒಂದು ಅಭ್ಯಾಸ ಮಾಡಿ. ಕೋಣೆ ಕತ್ತಲು ಮಾಡಿ, ಮೇಜಿನ ಮೇಲೆ ಒಂದು ಮೊಟ್ಟೆ ಇಡಿ. ಒಂದು ಫೋನಿನ ಟಾರ್ಚ್ ಬಿಡಿ, ನೆರಳಿನ ಅಂಚು ನೋಡಿ. ಟಾರ್ಚ್ ಮುಂದೆ ಅಂಗೈ ಅಗಲದ ಟಿಶ್ಯೂ ಪೇಪರ್ ಹಿಡಿದು, ಪೇಪರನ್ನ ಮೊಟ್ಟೆ ಹತ್ತಿರ ತನ್ನಿ, ಅಂಚು ಕರಗೋದು ಕಾಣುತ್ತೆ. ಪಕ್ಕದಲ್ಲಿ ಬಿಳಿ ಹಾಳೆ ನಿಲ್ಲಿಸಿ, ನೆರಳು ತಿಳಿಯಾಗೋದು ಕಾಣುತ್ತೆ. ಇನ್ನೊಂದು ಫೋನಿನಲ್ಲಿ ಫೋಟೋ ತೆಗೀರಿ. ಬ್ಯೂಟಿ ಫಿಲ್ಟರ್ ಆಫ್ ಮಾಡಿ, ಸ್ಕ್ರೀನ್ ಮೇಲೆ ಬೆರಳೊತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ, ಇಲ್ಲಾಂದ್ರೆ ಫೋನು ತಾನೇ ನೆರಳನ್ನ ಎತ್ತಿಬಿಡುತ್ತೆ. ಮೊಟ್ಟೆ ಮೇಲೆ ಕಲಿತದ್ದನ್ನ ನಾಳೆ ಕಿಟಕಿ ಪಕ್ಕ ಅಮ್ಮನನ್ನೋ ತಂಗಿಯನ್ನೋ ಕೂರಿಸಿ ಮಾಡಿ ನೋಡಿ. ತೆಗೆದ ಫೋಟೋನ ಯಾವ ಫಿಲ್ಟರೂ ಹಾಕದೆ ಅವರಿಗೇ ಮೊದಲು ತೋರಿಸಿ.