ಮನೆತನದಲ್ಲಿ ಸ್ತನ ಕ್ಯಾನ್ಸರ್ ಇದ್ದರೆ: ದಂಪತಿಗಳಿಗೆ ಕೆಲವು ಮಾತು



ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ತಾಲ್ಲೂಕುಗಳ ರೇಷ್ಮೆ ಬೆಳೆಗಾರರು ರೋಗರಹಿತ ಮೊಟ್ಟೆಯನ್ನೇ ಕೇಳಿ ಪಡೆಯುತ್ತಾರೆ. ಪೆಬ್ರಿನ್ ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆಂದು ಅವರು ಬಲ್ಲರು. ಹುಳುವಿನ ಮೂಲವನ್ನು ವಿಚಾರಿಸುವ ನಾವು ನಮ್ಮ ಮನೆತನದ ಆರೋಗ್ಯವನ್ನು ವಿಚಾರಿಸುತ್ತೇವೆಯೇ?

ಸ್ತನ ಕ್ಯಾನ್ಸರ್ ಅಂಟುಜಾಡ್ಯವಲ್ಲ, ಶಾಪವೂ ಅಲ್ಲ. ಬಹುಪಾಲು ರೋಗಿಗಳಿಗೆ ಅದು ವಂಶದಿಂದ ಬಂದುದೂ ಅಲ್ಲ. ಆದರೆ ಕೆಲವು ಮನೆತನಗಳಲ್ಲಿ ಬಿ.ಆರ್.ಸಿ.ಎ. ಎಂಬ ವಂಶವಾಹಿಗಳಲ್ಲಿ ದೋಷವಿರುತ್ತದೆ. ಇವುಗಳಲ್ಲಿ ಒಂದನ್ನು 1994ರಲ್ಲಿ, ಮತ್ತೊಂದನ್ನು 1995ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಈ ದೋಷವುಳ್ಳ 100 ಮಹಿಳೆಯರಲ್ಲಿ ಸುಮಾರು 70 ಮಂದಿಗೆ 80 ವರ್ಷ ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವವಿದೆ. ದೋಷವು ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು. ಆದುದರಿಂದ ಇದು ಹೆಂಗಸರ ವಿಚಾರವೆಂದು ಪತಿಯಾದವರು ದೂರ ಸರಿಯಬಾರದು. ಅವರ ತಾಯಿಯ, ಅಕ್ಕತಂಗಿಯರ ಕಾಯಿಲೆಯ ವಿವರವು ನಾಳೆ ಅವರ ಮಗಳಿಗೆ ಬೇಕಾಗುತ್ತದೆ.

ಹತ್ತಿರದ ಬಂಧುಗಳಲ್ಲಿ ಯಾರಿಗಾದರೂ 50 ವರ್ಷಕ್ಕೆ ಮೊದಲೇ ಸ್ತನ ಕ್ಯಾನ್ಸರ್ ಬಂದಿದ್ದರೆ, ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ, ಅಥವಾ ಗಂಡಸರಿಗೇ ಸ್ತನ ಕ್ಯಾನ್ಸರ್ ಬಂದಿದ್ದರೆ, ವೈದ್ಯರಿಗೆ ಮರೆಮಾಚದೆ ತಿಳಿಸಿರಿ. ಅಪಾಯ ಹೆಚ್ಚೆಂದು ಖಚಿತವಾದವರಿಗೆ ತಜ್ಞರು 25ರಿಂದ 30ನೇ ವಯಸ್ಸಿನೊಳಗೆ ಆರಂಭಿಸಿ ವರ್ಷಕ್ಕೊಮ್ಮೆ ಎಂ.ಆರ್.ಐ. ಪರೀಕ್ಷೆಯನ್ನು ಸೂಚಿಸುವುದುಂಟು. ಕಿರಿಯ ವಯಸ್ಸಿನಲ್ಲಿ ಸ್ತನವು ದಟ್ಟವಾಗಿರುವುದರಿಂದ ಕ್ಷ-ಕಿರಣದ ಚಿತ್ರದಲ್ಲಿ ಸಣ್ಣ ಗಂಟು ಮರೆಯಾಗಬಹುದು. ಎಂ.ಆರ್.ಐ. ಯಂತ್ರವು ಕ್ಷ-ಕಿರಣವನ್ನು ಬಳಸದೆ, ಬಲವಾದ ಅಯಸ್ಕಾಂತದ ನೆರವಿನಿಂದ ಅಂತಹ ಗಂಟನ್ನೂ ತೋರಿಸಬಲ್ಲದು. ಅದು ತೋರಿಸಿದ ಗಂಟೆಲ್ಲ ಕ್ಯಾನ್ಸರ್ ಅಲ್ಲ. ಮುಂದಿನ ಪರೀಕ್ಷೆಯಿಂದಲೇ ನಿಜ ತಿಳಿಯುತ್ತದೆ.

ಯಂತ್ರದೊಳಗೆ ಹೋಗುವ ಮುನ್ನ ಮಾಂಗಲ್ಯ, ಮೂಗುಬೊಟ್ಟು, ಕಾಲುಂಗುರಗಳನ್ನು ತೆಗೆದಿಡಬೇಕು. ಇದನ್ನು ಅಪಶಕುನವೆಂದು ಭಾವಿಸಿ ಪರೀಕ್ಷೆಯನ್ನು ತಪ್ಪಿಸುವುದು ಸಲ್ಲದು. ಹಿರಿಯರು ಆಕ್ಷೇಪಿಸಿದರೆ ಪತಿಯೇ ಮುಂದೆ ನಿಂತು ತಿಳಿಹೇಳಬೇಕು. ಗರ್ಭಿಣಿಯಾಗಿದ್ದರೆ ಅಥವಾ ವಂಕಿ ಹಾಕಿಸಿಕೊಂಡಿದ್ದರೆ ಮೊದಲೇ ಹೇಳಿರಿ.

ಉಳಿದ ಮಹಿಳೆಯರಿಗೆ ಈ ಪರೀಕ್ಷೆ ಅಗತ್ಯವಿಲ್ಲ. ರಾಷ್ಟ್ರೀಯ ಕಾರ್ಯಕ್ರಮದಂತೆ 30ರಿಂದ 65 ವರ್ಷದವರು 5 ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯಿಂದ ಸ್ತನವನ್ನು ಪರೀಕ್ಷಿಸಿಕೊಳ್ಳಬೇಕು. ಕೈಯಿಂದ ಮಾಡುವ ಪರೀಕ್ಷೆಯೆಂದು ಇದನ್ನು ಕಡೆಗಣಿಸಬೇಡಿರಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ದೀರ್ಘಕಾಲದ ಅಧ್ಯಯನದಲ್ಲಿ, ಇಂತಹ ಪರೀಕ್ಷೆಯಿಂದ 50 ವರ್ಷ ದಾಟಿದವರಲ್ಲಿ ಈ ರೋಗದ ಸಾವು ನೂರಕ್ಕೆ ಸುಮಾರು 30 ಪಾಲು ತಗ್ಗಿತು.

ಗಂಟು, ಚರ್ಮದ ಕುಳಿ, ತೊಟ್ಟಿನಿಂದ ರಕ್ತ ಇವುಗಳಲ್ಲಿ ಯಾವುದು ಕಂಡರೂ ನೋವಿಲ್ಲವೆಂದು ಸುಮ್ಮನಿರಬೇಡಿರಿ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ. ನಾಚಿಕೆಯಿಂದ ಕಳೆದ ತಿಂಗಳುಗಳು ಮರಳಿ ಬಾರವು. ಈ ರಾತ್ರಿಯೇ ಪತಿಪತ್ನಿಯರು ಕುಳಿತು ಎರಡೂ ಮನೆತನಗಳ ಕಾಯಿಲೆಗಳನ್ನು ನೆನೆದು ಬರೆದಿಡಿರಿ.