ತುರ್ತು ಸೇವೆ ಸಾರ್ವಜನಿಕ ಕರ್ತವ್ಯವಾದ ಬಗೆ: ಇಂಗ್ಲೆಂಡಿನ ಕೌಂಟಿಗಳ ನಿದರ್ಶನ



ಇಂಗ್ಲೆಂಡಿನ ಕೌಂಟಿ ಕೌನ್ಸಿಲ್ ಸ್ಥೂಲವಾಗಿ ಜಿಲ್ಲಾ ಪಂಚಾಯಿತಿಯನ್ನು ಹೋಲುವ ಚುನಾಯಿತ ಸಂಸ್ಥೆ. ಬೆಂಕಿ ನಂದಿಸುವ ಹೊಣೆ ಅದಕ್ಕೆ ಒಮ್ಮೆಲೇ ಬಂದುದಲ್ಲ.

ಹಿಂದೆ ಲಂಡನ್ನಿನ ಪ್ರಮುಖ ಅಗ್ನಿಶಾಮಕ ದಳವನ್ನು ವಿಮಾ ಕಂಪನಿಗಳೇ ನಡೆಸುತ್ತಿದ್ದವು. ವಿಮೆಯುಳ್ಳ ಸ್ವತ್ತಿನ ರಕ್ಷಣೆಯೇ ಅವುಗಳ ಮುಖ್ಯ ಉದ್ದೇಶ. 1861ರಲ್ಲಿ ಟೂಲಿ ಸ್ಟ್ರೀಟಿನ ಗೋದಾಮುಗಳು ಹೊತ್ತಿ ಉರಿದಾಗ ದಳದ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಕರ್ತವ್ಯದಲ್ಲಿಯೇ ಮಡಿದರು. ನಷ್ಟ ತಾಳಲಾರದ ಕಂಪನಿಗಳು ಈ ಹೊಣೆಯನ್ನು ಸರ್ಕಾರವೇ ಹೊರಬೇಕೆಂದವು. 1865ರ ಕಾಯಿದೆಯಿಂದ ಸಾರ್ವಜನಿಕ ದಳ ರೂಪುಗೊಂಡಿತು. 1889ರಲ್ಲಿ ಅದು ಲಂಡನ್ ಕೌಂಟಿ ಕೌನ್ಸಿಲಿನ ಅಧೀನಕ್ಕೆ ಬಂದಿತು. 1915ರಲ್ಲಿ ಅದೇ ಕೌನ್ಸಿಲ್ ಬೀದಿ ಅಪಘಾತಗಳಿಗಾಗಿ ಆಂಬುಲೆನ್ಸ್ ಸೇವೆಯನ್ನೂ ಆರಂಭಿಸಿತು.

ಹಳ್ಳಿಗಳ ಸರದಿ ತಡವಾಯಿತು. 1938ರ ಕಾಯಿದೆಯವರೆಗೆ ಅಲ್ಲಿ ಅಗ್ನಿಶಾಮಕ ವ್ಯವಸ್ಥೆ ಕಡ್ಡಾಯವಿರಲಿಲ್ಲ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗಳಲ್ಲಿ ನೆರವಿಗೆ ಧಾವಿಸಿದ ದಳಗಳ ನೀರಿನ ಕೊಳವೆಗಳು ಎಷ್ಟೋ ಕಡೆ ಒಂದಕ್ಕೊಂದು ಹೊಂದಲಿಲ್ಲ. 1941ರಲ್ಲಿ ಸ್ಥಳೀಯ ದಳಗಳನ್ನು ರಾಷ್ಟ್ರೀಯ ಸೇವೆಯಾಗಿ ಒಗ್ಗೂಡಿಸಲಾಯಿತು. 1948ರಲ್ಲಿ ಅಗ್ನಿಶಾಮಕ, ಆಂಬುಲೆನ್ಸ್ ಎರಡೂ ಕೌಂಟಿ ಕೌನ್ಸಿಲುಗಳ ಹಾಗೂ ದೊಡ್ಡ ಪಟ್ಟಣಗಳ ಆಡಳಿತ ಸಂಸ್ಥೆಗಳ ಶಾಸನಬದ್ಧ ಕರ್ತವ್ಯಗಳಾದವು. 1974ರಲ್ಲಿ ಆಂಬುಲೆನ್ಸ್ ಮಾತ್ರ ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿತು.

ಹೊಣೆ ಯಾರದೆಂದು ಕಾನೂನು ಸ್ಪಷ್ಟಪಡಿಸಿದ ಮೇಲೆಯೇ ಬಡವನ ಗುಡಿಸಲಿಗೂ ನೆರವಿನ ಹಕ್ಕು ದೊರೆಯಿತು. ಕರ್ನಾಟಕದಲ್ಲಿ ಅಗ್ನಿಶಾಮಕ ಠಾಣೆಯೂ 108 ಆಂಬುಲೆನ್ಸೂ ರಾಜ್ಯದ ವ್ಯವಸ್ಥೆಗಳು. ಆದರೆ ವಾಹನ ಊರೊಳಗೆ ಬರುವ ದಾರಿ ಒತ್ತುವರಿಯಾಗದಂತೆ, ಕೆರೆ-ತೊಟ್ಟಿಗಳಲ್ಲಿ ನೀರು ಇರುವಂತೆ ನೋಡಿಕೊಳ್ಳಬೇಕಾದದ್ದು ಗ್ರಾಮ ಪಂಚಾಯಿತಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ತಮ್ಮ ವಾರ್ಡುಗಳ ದಾರಿ ಹಾಗೂ ಜಲಮೂಲಗಳ ಸ್ಥಿತಿಯನ್ನು ಚರ್ಚೆಗೆ ತರುವುದು ಉಚಿತ.