ಕಸಿಚಾಕು ಹೊತ್ತು ತರುವ ರೋಗ



ನಂಜನಗೂಡು ರಸಬಾಳೆಯು ಸೊರಗುರೋಗಕ್ಕೆ ಸಿಲುಕಿ ಕ್ಷೀಣಿಸಿದುದನ್ನು ಈ ಸೀಮೆ ಬಲ್ಲದು. ಸೋಂಕಿನ ಕಂದು ನೆಟ್ಟಲ್ಲೆಲ್ಲ ಆ ರೋಗವೂ ನಾಟಿಯಾಯಿತು. ಕಿತ್ತಳೆ, ಮೂಸಂಬಿ, ನಿಂಬೆಗಳಿಗೆ ಕಸಿಕಡ್ಡಿಯ ಮೂಲಕ ಹೀಗೆಯೇ ಬರುವ ಕಂಟಕವೊಂದಿದೆ. ಅದೇ ವೈರಾಯ್ಡ್.

1971ರಲ್ಲಿ ಥಿಯೊಡೋರ್ ಡೀನರ್ ಅವರು ಆಲೂಗೆಡ್ಡೆಯ ರೋಗವೊಂದರಲ್ಲಿ ಗುರುತಿಸಿದ ಈ ಕಾರಕವು ವೈರಸ್ಸಿಗಿಂತಲೂ ಕಿರಿದು. ಪ್ರೋಟೀನಿನ ಹೊದಿಕೆಯಿಲ್ಲದ ಬರಿಯ ಆರ್‌ಎನ್‌ಎ ಬಳೆ. ನಿಂಬೆಜಾತಿಯ ಎಕ್ಸೊಕಾರ್ಟಿಸ್ ವೈರಾಯ್ಡಿನಲ್ಲಿರುವುದು ಸುಮಾರು 371 ನ್ಯೂಕ್ಲಿಯೋಟೈಡುಗಳು ಮಾತ್ರ.

ಗುರುತಿಸುವುದು ಹೇಗೆ? ರಂಗಪುರ ನಿಂಬೆಯ ಬೇರುಸಸಿಗೆ ಕಸಿ ಕಟ್ಟಿದ ಗಿಡವಾದರೆ, ಕಸಿಗಂಟಿನ ಕೆಳಗೆ ತೊಗಟೆ ಬಿರಿದು ಹಕ್ಕಳೆಯೇಳುತ್ತದೆ. ಗಿಡ ಕುಳ್ಳಾಗಿಯೇ ಉಳಿಯುತ್ತದೆ. ಹಾಪ್ ಸ್ಟಂಟ್ ವೈರಾಯ್ಡಿನ ಕೆಲವು ಬಗೆಗಳು ಕಿತ್ತಳೆಯ ತೊಗಟೆಯೊಳಗೆ ಅಂಟಿನ ಕಲೆ ಮೂಡಿಸುತ್ತವೆ. ಎಲೆ ಹಳದಿಯಾದ ಮಾತ್ರಕ್ಕೆ ವೈರಾಯ್ಡ್ ಎನ್ನಲಾಗದು. ಸಿಲ್ಲಿಡ್ ಕೀಟ ಹರಡುವ ಗ್ರೀನಿಂಗ್ ರೋಗದಲ್ಲಿಯೂ ಎಲೆ ಹಳದಿಯಾಗುತ್ತದೆ. ಖಚಿತಪಡಿಸಿಕೊಳ್ಳಲು ಎಟ್ರಾಗ್ ಎಂಬ ಮಾದಳದ ತಳಿಗೆ ಕಸಿ ಮಾಡಿ, ಎಲೆಗಳು ಕೆಳಮುಖವಾಗಿ ಬಾಗಿ ಮುದುಡುವುವೇ ಎಂದು ನೋಡಬೇಕು. ಇಲ್ಲವೇ ಪ್ರಯೋಗಾಲಯದಲ್ಲಿ ಪಿಸಿಆರ್ ಪರೀಕ್ಷೆ ಮಾಡಿಸಬೇಕು.

ಇವುಗಳ ಆಶ್ರಯ ನಿಂಬೆಜಾತಿಗಷ್ಟೇ ಸೀಮಿತವಲ್ಲ. ಎಕ್ಸೊಕಾರ್ಟಿಸ್ ಟೊಮ್ಯಾಟೊ, ಬದನೆ, ದ್ರಾಕ್ಷಿಗಳಲ್ಲಿಯೂ, ಹಾಪ್ ಸ್ಟಂಟ್ ದ್ರಾಕ್ಷಿ, ಸೌತೆ, ಪ್ಲಮ್, ಪೀಚ್‌ಗಳಲ್ಲಿಯೂ ಪತ್ತೆಯಾಗಿವೆ. ಅನೇಕ ಗಿಡಗಳು ಲಕ್ಷಣ ತೋರದೆಯೇ ಸೋಂಕನ್ನು ಹೊತ್ತಿರುತ್ತವೆ. ಆದುದರಿಂದ ತಾಯಿಮರದ ಸೊಂಪನ್ನು ಕಂಡು ಮೋಸಹೋಗಬಾರದು.

ಸೋಂಕು ತಗುಲಿದ ಮರಕ್ಕೆ ಔಷಧವಿಲ್ಲ. ಮರದಿಂದ ಮರಕ್ಕೆ ಹೋಗುವ ಮುನ್ನ ಚಾಕು, ಕತ್ತರಿಗಳನ್ನು ಶೇಕಡಾ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿರಿ. ಪರೀಕ್ಷಿಸಿದ ತಾಯಿಮರದ ಸಸಿಯನ್ನೇ ಕೇಳಿ ಪಡೆಯಿರಿ. ವರ್ಷಗಳ ಬಳಿಕ ತೊಗಟೆಯಲ್ಲಿ ಕಾಣಿಸುವ ರೋಗವನ್ನು ಸಸಿ ಕೊಳ್ಳುವ ದಿನವೇ ತಡೆಯಬೇಕು.